ವೈರಸ್‌ಗೆ ದಾರಿ ಬಿಡುವ ಸಂದುಗಳು: ಜೇನುಪೆಟ್ಟಿಗೆಯಲ್ಲಿ ನನ್ನ ಅನುಭವ

ಜೇನುನೊಣಕ್ಕೆ ವೈರಸ್ ರೋಗ ಬಂದ ಮೇಲೆ ಕೊಡಲು ಔಷಧವಿಲ್ಲ. ಸಕ್ಕರೆ ಪಾಕಕ್ಕೆ ಟೆಟ್ರಾಸೈಕ್ಲಿನ್ ಪುಡಿ ಕಲಸಿ ಇಡುವವರು ಈಗಲೂ ಇದ್ದಾರೆ. ಅದು ಬ್ಯಾಕ್ಟೀರಿಯಾ ರೋಗಕ್ಕೆ ಇರುವಂಥದ್ದು. ವೈರಸ್‌ಗೆ ಏನೂ ಆಗದು, ಜೇನುತುಪ್ಪದಲ್ಲಿ ಅದರ ಅಂಶ ಉಳಿದು ಮಾರುವಾಗ ಫಜೀತಿಯಾಗುತ್ತದೆ ಅಷ್ಟೆ. ಚೆನ್ನಾಗಿ ಕಾಣುವ ಪೆಟ್ಟಿಗೆಯಲ್ಲೂ ವೈರಸ್ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಅದು ರೋಗವಾಗಿ ಏಳಬೇಕಾದರೆ ಜೊತೆಗೆ ಇನ್ನೇನೋ ಸೇರಬೇಕು: ನೊಣಕ್ಕೆ ಅಂಟಿ ಹೀರುವ ನುಸಿ, ಪರಾಗದ ಕೊರತೆ, ಇಕ್ಕಟ್ಟು, ಒಂದು ಪೆಟ್ಟಿಗೆಯ ಎರಿಯನ್ನು, ಅಂದರೆ ಮೇಣದ ತಟ್ಟಿಯನ್ನು, ಇನ್ನೊಂದಕ್ಕೆ ಹಾಕುವ ನಮ್ಮದೇ ಕೈ. ನಮ್ಮ ಕೈಯಲ್ಲಿರುವುದು ಈ ಸಂದುಗಳನ್ನು ಮುಚ್ಚುವ ಕೆಲಸ.

ನನ್ನ ಹತ್ತಿರ ಎರಡು ಜಾತಿಯ ನೊಣ ಇವೆ. ಮೆಲ್ಲಿಫೆರಾ, ಅಂದರೆ ಹೊರಗಿನಿಂದ ತಂದ ಯುರೋಪಿನ ಜೇನು, ಅದರ ಪೆಟ್ಟಿಗೆಗಳು ತಿರುಗಾಟದವು: ಮುಂಗಾರಿ ಸೂರ್ಯಕಾಂತಿಗೆ ರೋಣ, ನರಗುಂದದ ಕಡೆ, ಹಿಂಗಾರಿಗೆ ಗದಗ ಸುತ್ತಿನ ಸೂರ್ಯಕಾಂತಿ, ಕುಸುಬಿ, ಆಮೇಲೆ ರಾಣೆಬೆನ್ನೂರು ಭಾಗದ ಬೀಜದ ಉಳ್ಳಾಗಡ್ಡಿ, ಬೇಸಿಗೆಗೆ ಕಲಘಟಗಿ, ಅಳ್ನಾವರದ ಕಾಡಂಚು. ನಮ್ಮ ನಾಡಿನ ಜೇನಾದ ತುಡುವೆ ವರ್ಷಪೂರ್ತಿ ಕಲಘಟಗಿ ಕಡೆಯೇ ಇರುತ್ತದೆ. ಇವೆರಡಕ್ಕೆ ಬರುವ ವೈರಸ್ ಬೇರೆ, ಸಂದೂ ಬೇರೆ. ಮೆಲ್ಲಿಫೆರಾದ ಲೆಕ್ಕವನ್ನು ತುಡುವೆಗೆ ಹಾಕಲು ಹೋದರೆ ಎರಡೂ ಕೆಡುತ್ತವೆ.

ಮೊದಲು ಮೆಲ್ಲಿಫೆರಾ. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಚಿಂತೆ ವರೋವಾ ನುಸಿಯದು ಎಂದೇ ನನ್ನ ಲೆಕ್ಕ. ಡಿಫಾರ್ಮ್ಡ್ ವಿಂಗ್ ವೈರಸ್, ಅಂದರೆ ರೆಕ್ಕೆ ಮುದುಡಿಸುವ ವೈರಸ್, ರಾಣಿಯಿಂದ ಮೊಟ್ಟೆಗೆ, ದಾದಿ ನೊಣದಿಂದ ಮರಿಗೆ ಸಣ್ಣ ಪ್ರಮಾಣದಲ್ಲಿ ಸಾಗುತ್ತಲೇ ಇರುತ್ತದೆ. ಹಾಗೆ ಬಾಯಿಂದ ಹೋದದ್ದು ಹೆಚ್ಚು ಹಾನಿ ಮಾಡುವುದಿಲ್ಲ. ಮರಿ ಬೆಳೆಯುವ, ಮೇಣದಿಂದ ಮುಚ್ಚಿದ ಕಣದೊಳಗೆ ನುಸಿ ಕೂತು ಕೋಶಾವಸ್ಥೆಯ ಮರಿಯ ಮೈಗೆ ಚುಚ್ಚಿ ಹೀರಿದಾಗ ಅದೇ ವೈರಸ್ ನೇರವಾಗಿ ಒಳಗಿಳಿದು ವಿಪರೀತ ಹೆಚ್ಚುತ್ತದೆ. ಹೊರಬರುವ ನೊಣದ ರೆಕ್ಕೆ ಸುಟ್ಟ ಕಾಗದದಂತೆ ಮುರುಟಿರುತ್ತದೆ, ಹೊಟ್ಟೆ ಗಿಡ್ಡ. ಅದು ಪೆಟ್ಟಿಗೆಯ ಮುಂದೆ ತೆವಳಿ ಕೆಲವೇ ದಿನಕ್ಕೆ ಸಾಯುತ್ತದೆ. ಅಂಥವು ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಏಕೆಂದರೆ ರೆಕ್ಕೆ ಸರಿಯಿದ್ದೂ ಆಯುಷ್ಯ ಕಡಿಮೆಯಾದ ನೊಣಗಳು ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತವೆ.

ಆದ್ದರಿಂದ ತಿಂಗಳಿಗೊಮ್ಮೆ ನುಸಿ ಎಣಿಸುತ್ತೇನೆ. ಹತ್ತು ಪೆಟ್ಟಿಗೆಗೆ ಮೂರನ್ನಾದರೂ ನೋಡಬೇಕು, ಅದರಲ್ಲಿ ಬಲವಾದದ್ದೂ ಒಂದಿರಲಿ. ಮರಿ ಹೆಚ್ಚಿದ್ದಲ್ಲೇ ನುಸಿ ಹೆಚ್ಚು. ಅಗಲ ಬಾಯಿಯ ಬಾಟಲಿಯ ಮುಚ್ಚಳ ಕತ್ತರಿಸಿ, ನುಸಿ ದಾಟಿ ನೊಣ ದಾಟದಂಥ ಸುಮಾರು 3 ಮಿ.ಮೀ. ತೂತಿನ ಜಾಲರಿ ಕೂಡಿಸಿಕೊಳ್ಳಬೇಕು. ಮುಚ್ಚದ ಮರಿ ಇರುವ ಎರಿಯಲ್ಲಿ ರಾಣಿ ಇಲ್ಲವೆಂದು ಎರಡು ಸಲ ನೋಡಿ, ನೊಣಗಳನ್ನು ಬೋಗುಣಿಗೆ ಕೊಡವಿ, ಅರ್ಧ ಕಪ್ ತುಂಬಿಕೊಂಡರೆ ಸುಮಾರು 300 ನೊಣ. ಬಾಟಲಿಗೆ ಸುರಿದು 2 ದೊಡ್ಡ ಚಮಚ ಪುಡಿ ಸಕ್ಕರೆ ಹಾಕಿ, ನೆರಳಲ್ಲಿ 2 ನಿಮಿಷ ಮೆಲ್ಲಗೆ ಉರುಳಿಸಿ, ಆಮೇಲೆ ಬೋರಲು ಹಿಡಿದು ನೀರಿರುವ ಬಿಳಿ ತಟ್ಟೆಗೆ ಒಂದು ನಿಮಿಷ ಕೊಡವಬೇಕು. ಸಕ್ಕರೆ ಕರಗಿ ಕಂದುಕೆಂಪು ನುಸಿ ಎದ್ದು ಕಾಣುತ್ತದೆ. ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟು ಎಂದು ಸಿಗುತ್ತದೆ. 3 ದಾಟಿದರೆ ನಾನು ಕಾಯುವುದಿಲ್ಲ. ನೊಣಗಳು ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಜೀವಂತ ಪೆಟ್ಟಿಗೆಗೆ ಮರಳುತ್ತವೆ, ಉಳಿದವು ನೆಕ್ಕಿ ತೊಳೆಯುತ್ತವೆ.

ಇದರಲ್ಲಿ ತಪ್ಪುವುದು ಸಣ್ಣ ವಿಷಯಗಳಲ್ಲಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಗೋವಿನಜೋಳದ ಹಿಟ್ಟು ಇರುತ್ತದೆ. ಮನೆಯಲ್ಲೇ ಮಿಕ್ಸಿಗೆ ಹಾಕಿಕೊಳ್ಳುವುದು ಮೇಲು. ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟಿದರೆ, ಅಥವಾ ಆಗಷ್ಟೇ ಮಕರಂದ ತಂದ ನೊಣಗಳು ಬಾಟಲಿಯಲ್ಲಿ ಕಾರಿಕೊಂಡರೆ, ನುಸಿ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಇನ್ನೊಂದು: ಹೆಚ್ಚಿನ ನುಸಿ ಇರುವುದು ಮುಚ್ಚಿದ ಕಣಗಳ ಒಳಗೆ. ಮರಿ ತುಂಬಿದಾಗ ಲೆಕ್ಕ 1 ಬಂತೆಂದು ನಿಶ್ಚಿಂತೆ ಬೇಡ. ಹೂ ಮುಗಿದು ರಾಣಿ ಮೊಟ್ಟೆ ಕಡಿಮೆ ಮಾಡಿದ ಕೂಡಲೇ ಅಷ್ಟೇ ನುಸಿ ಉಳಿದ ಸ್ವಲ್ಪ ಮರಿಯ ಮೇಲೆ ಮುಗಿಬೀಳುತ್ತವೆ. ಸೂರ್ಯಕಾಂತಿ ತುಪ್ಪ ತೆಗೆದು ಮೂರ್ನಾಲ್ಕು ವಾರಕ್ಕೆ ಪೆಟ್ಟಿಗೆ 'ಇದ್ದಕ್ಕಿದ್ದಂತೆ' ಕುಸಿಯುವುದು ಹೀಗೆ.

ಸಕ್ಕರೆ ಪರೀಕ್ಷೆಗೆ ಸಿಗದ ಇನ್ನೊಂದು ನುಸಿ ಟ್ರೊಪಿಲೀಲಾಪ್ಸ್. ಉದ್ದುದ್ದ ಮೈ, ಎರಿಯ ಮೇಲೆ ಚುರುಕಾಗಿ ಓಡುತ್ತದೆ, ನೊಣದ ಮೈಮೇಲೆ ಹೆಚ್ಚು ಕೂರುವುದಿಲ್ಲ. ಇದೂ ರೆಕ್ಕೆ ಮುದುಡಿಸುವ ವೈರಸ್ ಹೊರುತ್ತದೆ. ನೊಣ ಕೊಡವಿದ ಮರಿ ಎರಿಯನ್ನು ಬಿಳಿ ತಟ್ಟೆಯ ಅಂಚಿಗೆ ಒಂದೆರಡು ಸಲ ಕುಟ್ಟಿದರೆ ಬಿದ್ದು ಓಡುವುದು ಕಾಣುತ್ತದೆ. ಮರಿಯಿಲ್ಲದೆ ಇದು ಕೆಲವೇ ದಿನ ಬದುಕುವುದರಿಂದ, ರಾಣಿಯನ್ನು ಪಂಜರದಲ್ಲಿಟ್ಟು ಪೆಟ್ಟಿಗೆಯಲ್ಲಿ ಮರಿಯೇ ಇಲ್ಲದಂತೆ ಮಾಡುವುದು ಎಲ್ಲ ಪುಡಿಗಿಂತ ಗಟ್ಟಿ ಉಪಾಯ. ಗಂಧಕದ ಪುಡಿಯನ್ನು ಎರಿ ಕಟ್ಟುವ ಚೌಕಟ್ಟಿನ ಮೇಲ್ಪಟ್ಟಿಗೆ ಚಿಟಿಕೆ ಚಿಟಿಕೆ ಉದುರಿಸುವುದು ಹಳೆಯ ರೂಢಿ. ಅದನ್ನು ಮುಚ್ಚದ ಮರಿಯ ಮೇಲೆ ಬೀಳಿಸಿದರೆ ಮರಿ ಸಾಯುತ್ತದೆ.

ವರೋವಾಕ್ಕೆ ನಾನು ನಂಬಿರುವುದು ಎರಡು. ಒಂದು, ಗಂಡುನೊಣದ ಎರಿ. ನುಸಿಗೆ ಗಂಡುಮರಿಯೆಂದರೆ ಪ್ರಾಣ. ಮೇಣದ ಹಾಳೆಯಿಲ್ಲದ ಖಾಲಿ ಚೌಕಟ್ಟನ್ನು ಮರಿಕೋಣೆಯ ಅಂಚಿನ ಎರಡನೇ ಜಾಗದಲ್ಲಿಟ್ಟರೆ ಗಂಡುಕಣ ಕಟ್ಟುತ್ತವೆ. ಗಂಡುನೊಣ ಹೊರಬರಲು 24 ದಿನ. ಚೌಕಟ್ಟು ಇಟ್ಟ 20–21ನೇ ದಿನ ಕತ್ತರಿಸಿ ತೆಗೆದು ಕೋಳಿಗೆ ಹಾಕುತ್ತೇನೆ. ಇಟ್ಟ ದಿನಾಂಕವನ್ನು ಚೌಕಟ್ಟಿನ ಮೇಲೇ ಬರೆಯಬೇಕು. ಮರೆತರೆ ನುಸಿಯನ್ನು ನಾವೇ ಸಾಕಿದ ಹಾಗೆ.

ಎರಡನೆಯದು 85 ಶೇಕಡಾ ಫಾರ್ಮಿಕ್ ಆಮ್ಲ. ಸಣ್ಣ ಗಾಜಿನ ಸೀಸೆಗೆ 5 ಮಿ.ಲೀ. ಹಾಕಿ, ಹತ್ತಿಯ ಬತ್ತಿ ಇಟ್ಟು, ಅಡಿಹಲಗೆಯ ಮೂಲೆಯಲ್ಲಿ ನಿಲ್ಲಿಸಿ, ಆರಿದಂತೆ ತುಂಬಿಸುತ್ತ ಎರಡು ಮೂರು ವಾರ. ಆವಿ ಮುಚ್ಚಿದ ಕಣದೊಳಗೂ ಹೋಗುತ್ತದೆ, ಅದೇ ಅದರ ಗುಣ. ಆದರೆ ಹಗಲಿನ ಬಿಸಿ 30 ಡಿಗ್ರಿ ದಾಟಿದರೆ ಆವಿ ಒಮ್ಮೆಲೇ ಎದ್ದು ಮರಿ ಸಾಯುತ್ತದೆ, ಕೆಲವೊಮ್ಮೆ ರಾಣಿಯೂ. ಗದಗದ ಬಯಲಲ್ಲಿ ಬೇಸಿಗೆಗೆ ಇದನ್ನು ಮುಟ್ಟಲೇಬಾರದು. ನಮ್ಮ ಸೀಮೆಯಲ್ಲಿ ಇದಕ್ಕೆ ಒಳ್ಳೆಯ ಕಾಲ ಧಾರವಾಡದ ಜಿಟಿಜಿಟಿ ಮಳೆಯ ಜುಲೈ: ತಂಪು ಇರುತ್ತದೆ, ಪೆಟ್ಟಿಗೆಯ ಮೇಲೆ ಜೇನುಕೋಣೆಯೂ ಇರುವುದಿಲ್ಲ. ಸೂರ್ಯಕಾಂತಿಗೆ ಹೊರಡುವ ಮೊದಲೇ ನುಸಿ ಇಳಿದಿರುತ್ತದೆ. ಬಾಗಿಲು ಪೂರ್ತಿ ತೆರೆದಿರಬೇಕು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಬಕೆಟ್ ನೀರು ಇರಲಿ. ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುತ್ತದೆ.

ಪರಾಗದ ವಿಷಯ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಹಳದಿ ಹೂ ಇರುವಾಗ ನೊಣಕ್ಕೆ ಹಸಿವೆ ಎಂದರೆ ಯಾರು ನಂಬುತ್ತಾರೆ? ಸೂರ್ಯಕಾಂತಿಯ ಪರಾಗದಲ್ಲಿ ಪ್ರೋಟೀನ್ ಕಡಿಮೆ, ಗೋವಿನಜೋಳದ್ದೂ ಅಷ್ಟಕ್ಕಷ್ಟೆ. ಸುತ್ತ ಈ ಎರಡೇ ಬೆಳೆ ಇದ್ದರೆ ಎರಿಯಲ್ಲಿ ಪರಾಗ ತುಂಬಿ ಕಂಡರೂ ದಾದಿ ನೊಣ ಬಡವಾಗಿರುತ್ತದೆ, ಬಡವಾದ ನೊಣದಲ್ಲಿ ವೈರಸ್ ಬೇಗ ಬೆಳೆಯುತ್ತದೆ. ಗುರುತು ಹೀಗಿದೆ: ಎರಡು ಮೂರು ದಿನದ ಮರಿ ದಾದಿ ನೊಣ ಉಣಿಸುವ ಬಿಳಿ ಹಾಲಿನಲ್ಲಿ ತೇಲುತ್ತಿರಬೇಕು, ಕಣದ ತಳ ಒಣಗಿದಂತಿದ್ದರೆ ಪ್ರೋಟೀನ್ ಸಾಲುತ್ತಿಲ್ಲ. ಆಗ ಎಣ್ಣೆ ತೆಗೆದ, ಹುರಿದ ಸೋಯಾ ಹಿಟ್ಟು 3 ಪಾಲು, ಒಣ ಯೀಸ್ಟ್ 1 ಪಾಲು, ಕೆನೆ ತೆಗೆದ ಹಾಲಿನ ಪುಡಿ 1 ಪಾಲು, ಗಟ್ಟಿ ಸಕ್ಕರೆ ಪಾಕದಲ್ಲಿ ಹೋಳಿಗೆ ಕಣಕದ ಹದಕ್ಕೆ ನಾದಿ, 100 ಗ್ರಾಂ ಬಿಲ್ಲೆ ತಟ್ಟಿ, ಬೆಣ್ಣೆ ಕಾಗದದ ಮೇಲೆ ಮರಿಯ ನೇರಕ್ಕೆ ಚೌಕಟ್ಟಿನ ಮೇಲಿಡುತ್ತೇನೆ. ಹಸಿ ಸೋಯಾ ಹಿಟ್ಟು ಜೀರ್ಣವಾಗದು. ವಾರದಲ್ಲಿ ತಿನ್ನದಿದ್ದರೆ ತೆಗೆದುಬಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಮೇಣದ ಹುಳ ಬರುತ್ತದೆ. ರುಚಿಗೆಂದು ಬೇರೆಯವರ ತುಪ್ಪವನ್ನೋ ಕೊಂಡ ಪರಾಗವನ್ನೋ ಬೆರೆಸಬೇಡಿ. ಆ ಪೆಟ್ಟಿಗೆಯ ವೈರಸ್ಸನ್ನು ಚಮಚದಲ್ಲಿ ತಿನ್ನಿಸಿದ ಹಾಗೆ. ಬೆಲ್ಲದ ಪಾಕವೂ ಬೇಡ, ಭೇದಿ ಆಗುತ್ತದೆ.

ಸಾಗಾಟ ಮತ್ತು ಇಕ್ಕಟ್ಟು. ಬೀಜೋತ್ಪಾದನೆ ಹೊಲಗಳ ಹತ್ತಿರ ಮೂರ್ನಾಲ್ಕು ಜನರ ಪೆಟ್ಟಿಗೆ ಒಂದೇ ಬದುವಿನ ಮೇಲೆ ಸಾಲಾಗಿ ಕೂರುತ್ತವೆ. ಒಂದೇ ಬಣ್ಣ, ಒಂದೇ ದಿಕ್ಕು. ನೊಣ ದಾರಿ ತಪ್ಪಿ ಪಕ್ಕದ್ದಕ್ಕೆ ನುಗ್ಗುತ್ತದೆ, ಜೊತೆಗೆ ನುಸಿಯೂ. ನಾನು ನಾಲ್ಕು ನಾಲ್ಕರ ಗುಂಪು ಮಾಡಿ ನಾಲ್ಕು ದಿಕ್ಕಿಗೆ ಬಾಗಿಲು ಇಟ್ಟು, ಗುಂಪಿನ ನಡುವೆ 3 ಮೀಟರ್ ಬಿಡುತ್ತೇನೆ. ಬಾಗಿಲ ಮೇಲೆ ಹಳದಿ, ನೀಲಿ, ಬಿಳಿ ಪಟ್ಟಿ. ರಾತ್ರಿ ಸಾಗಿಸುವಾಗ ಮೇಲೆ ಜಾಲರಿ ಮುಚ್ಚಳ ಬೇಕು. ಬಿಗಿಯಾಗಿ ತುಂಬಿದ ಪೆಟ್ಟಿಗೆಯಲ್ಲಿ ನೊಣ ನೊಣಕ್ಕೆ ಉಜ್ಜಿ ಕೂದಲು ಮುರಿದ ಜಾಗದಿಂದ ಪಾರ್ಶ್ವವಾಯು ತರುವ ವೈರಸ್ ದಾಟುತ್ತದೆ. ಅಂಥ ನೊಣ ಕೂದಲುದುರಿ ಕಪ್ಪಗೆ ಮಿಂಚುತ್ತದೆ, ನಡುಗುತ್ತದೆ, ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ಗುಂಪುಗೂಡುತ್ತದೆ. ಇದನ್ನು ಕೀಟನಾಶಕದ ಸಾವೆಂದು ತಿಳಿದು ಹೊಲದವರ ಜೊತೆ ಜಗಳಕ್ಕೆ ನಿಂತವರೂ ಇದ್ದಾರೆ. ವಿಷ ಬಿದ್ದರೆ ಒಂದೇ ದಿನಕ್ಕೆ ರಾಶಿ ಬೀಳುತ್ತದೆ, ನಾಲಿಗೆ ಹೊರಚಾಚಿರುತ್ತದೆ. ವೈರಸ್ಸಿನದು ದಿನಾ ಸ್ವಲ್ಪ ಸ್ವಲ್ಪ, ವಾರಗಟ್ಟಲೆ. ಪೆಟ್ಟಿಗೆಗೆ ಗಾಳಿ, ಒಂದು ಕೋಣೆ ಹೆಚ್ಚಿನ ಜಾಗ ಕೊಟ್ಟರೆ ಇದು ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ.

ಇನ್ನು ತುಡುವೆ. ಇದು ವರೋವಾದ ಜೊತೆ ತಲೆತಲಾಂತರದಿಂದ ಬದುಕಿದೆ; ನುಸಿ ಹೆಚ್ಚಾಗಿ ಗಂಡುಮರಿಯಲ್ಲೇ ಉಳಿಯುತ್ತದೆ. ಇದರ ಶತ್ರು ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡ್‌ನಲ್ಲಿ ಮೊದಲು ಗುರುತಿಸಿದ ಈ ವೈರಸ್ 1991ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದು ಕರ್ನಾಟಕದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಖಾಲಿ ಮಾಡಿತು. ಮರಿ ಕೋಶಕ್ಕೆ ಹೋಗುವ ಮುನ್ನ ಸಾಯುತ್ತದೆ: ಬೆನ್ನ ಮೇಲೆ ನೀಳವಾಗಿ ಮಲಗಿ, ತಲೆ ಕಣದ ಬಾಯಿ ಕಡೆ ಎತ್ತಿ, ಮೊದಲು ತಲೆಯೇ ಕಪ್ಪಾಗುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಒಣಗಿದರೆ ದೋಣಿಯಾಕಾರದ ಕಂದು ಚಕ್ಕೆ, ತಟ್ಟಿದರೆ ಉದುರುತ್ತದೆ. ಕೆಟ್ಟ ವಾಸನೆ ಇಲ್ಲ. ಹುಳಿ ವಾಸನೆ ಬಂದು, ಮರಿ ಸುರುಳಿ ತಿರುಚಿಕೊಂಡಿದ್ದರೆ ಅದು ಬ್ಯಾಕ್ಟೀರಿಯಾ ರೋಗ.

ಇದನ್ನು ಹರಡುವುದರಲ್ಲಿ ನಮ್ಮ ಪಾಲೇ ಹೆಚ್ಚು. ಬಡವಾದ ಪೆಟ್ಟಿಗೆಗೆ ಬಲವಾದದ್ದರಿಂದ ಮರಿ ಎರಿ ಕೊಡುವುದು, ಎರಡು ಬಡವನ್ನು ಸೇರಿಸಿ ಒಂದು ಮಾಡುವುದು, ಹೊಲದಲ್ಲಿ ಸಿಕ್ಕ ಕಾಡು ತುಡುವೆಯನ್ನು ಅದೇ ದಿನ ಸಾಲಿನಲ್ಲಿಡುವುದು, ಎಲ್ಲ ಪೆಟ್ಟಿಗೆಗೂ ಅದೇ ಚಾಕು. ಸತ್ತ ಮರಿಯನ್ನು ಎಳೆದು ಹಾಕುವ ದಾದಿ ನೊಣವೇ ಮುಂದಿನ ಮರಿಗೆ ಉಣಿಸುವುದರಿಂದ ಪೆಟ್ಟಿಗೆಯೊಳಗಿನ ಸುತ್ತು ನಿಲ್ಲುವುದಿಲ್ಲ. ಆ ಸುತ್ತು ಕಡಿಯಲು ರಾಣಿಯನ್ನು ಪಂಜರದಲ್ಲಿ ಸುಮಾರು 21 ದಿನ ಇಡುತ್ತೇನೆ. 7ನೇ ದಿನ ತೆರೆದು ಹೊಸ ರಾಣಿಕಣ ಕಟ್ಟಿದ್ದರೆ ಒಡೆಯಬೇಕು. ತೀರಾ ಹಾಳಾದ ಎರಿಗಳನ್ನು ಕತ್ತರಿಸಿ ಸುಟ್ಟು, ನೊಣ ನಾಲ್ಕು ಎರಿಗಿಂತ ಹೆಚ್ಚು ಹರಡದಂತೆ ಅಡ್ಡಹಲಗೆ ಹಾಕಿ, ಕತ್ತಲಾದ ಮೇಲೆ 200 ಮಿ.ಲೀ. ಸಮಪಾಲು ಸಕ್ಕರೆ ಪಾಕ ಕೊಡುತ್ತೇನೆ. ಹಗಲು ಕೊಟ್ಟರೆ ಕಳ್ಳನೊಣ ಬಂದು ರೋಗವನ್ನು ಮನೆಗೆ ಒಯ್ಯುತ್ತವೆ. ಪರಾರಿಯಾಗದಂತೆ ಬಾಗಿಲಿಗೆ ರಾಣಿ ತಡೆಗೇಟು ಇರಲಿ. ಎರಡನೇ ಸಲವೂ ಅದೇ ರೋಗ ಎದ್ದರೆ ಆ ರಾಣಿಯ ಸಂತಾನ ಬೇಡ. ತಾನಾಗಿ ಚೇತರಿಸಿಕೊಂಡ ಪೆಟ್ಟಿಗೆಯ ರಾಣಿಕಣವನ್ನು ಕೊಡುವುದು. ತುಪ್ಪ ಹೆಚ್ಚು ಕೊಡುವುದನ್ನು ನೋಡಿ ತಳಿ ಆರಿಸುವ ರೂಢಿಯನ್ನು ನಾನು ಬಿಟ್ಟಿದ್ದೇನೆ.

ಹೊಸದಾಗಿ ಕೊಂಡದ್ದು, ಹಿಡಿದದ್ದು, ಯಾವುದೇ ಆಗಲಿ 45 ದಿನ ಕನಿಷ್ಠ ಒಂದು ಕಿಲೋಮೀಟರ್ ದೂರ. ಅಷ್ಟರಲ್ಲಿ ಎರಡು ಪೀಳಿಗೆ ಮರಿ ಹೊರಬಂದು ರೋಗ ಇದ್ದರೆ ಕಾಣುತ್ತದೆ. ತೆರೆಯುವ ಕ್ರಮ ಯಾವಾಗಲೂ ಗಟ್ಟಿ ಪೆಟ್ಟಿಗೆ ಮೊದಲು, ಸಂಶಯದ್ದು ಕೊನೆಗೆ. ಚಾಕುವನ್ನು ಪ್ರತಿ ಪೆಟ್ಟಿಗೆಯ ನಂತರ ಬೆಂಕಿಗೆ ಹಿಡಿದು, ಕೈ ಸಾಬೂನಿನಲ್ಲಿ ತೊಳೆಯುವುದು. ಯಾವ ವೈರಸ್ ಎಂದು ಖಚಿತವಾಗಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಮಾದರಿ ಒಯ್ಯುವಾಗ ಮರಿ ಇರುವ ಎರಿಯ ತುಂಡನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಡಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಒಯ್ದರೆ ವೈರಸ್ಸಿನ ಗುರುತು ಹೇಳುವ ಆರ್‌ಎನ್‌ಎ ಕೆಟ್ಟು ಏನೂ ಸಿಗದು.

ಪೆಟ್ಟಿಗೆ ಕೈಬಿಟ್ಟಿತು ಎಂದಾದರೆ ಅದೇ ಸಂಜೆ ಬಾಗಿಲಿಗೆ ಹಸಿ ಮಣ್ಣು ಮೆತ್ತುತ್ತೇನೆ. ಬೆಳಗಾಗುವವರೆಗೆ ಬಿಟ್ಟರೆ ಸಾಲಿನ ಉಳಿದ ನೊಣಗಳು ಅದರ ತುಪ್ಪವನ್ನೂ ನುಸಿಯನ್ನೂ ಹೊತ್ತು ತಂದಿರುತ್ತವೆ. ಮರುದಿನ ಎರಿ ಕರಗಿಸಿ ಮೇಣ ಮಾಡಿ, ಚೌಕಟ್ಟುಗಳನ್ನು 10 ಲೀಟರ್ ಕುದಿಯುವ ನೀರಿಗೆ ಅರ್ಧ ಕೆಜಿ ವಾಷಿಂಗ್ ಸೋಡಾ ಹಾಕಿ ಉಜ್ಜಿ, ಪೆಟ್ಟಿಗೆಯ ಒಳಮೈಯನ್ನು ಬ್ಲೋ ಲ್ಯಾಂಪ್‌ನಲ್ಲಿ ಮರ ತಿಳಿಕಂದು ಆಗುವಷ್ಟು ಸುಟ್ಟು, ಒಂದು ತಿಂಗಳು ಬಿಸಿಲಿಗೆ ಒಡ್ಡಿದ ಮೇಲೆಯೇ ಹೊಸ ನೊಣ.