ಅಪ್ಪನ ಅಂಬಾಸಿಡರ್‌ಗೆ ಮೂರನೇ ಬ್ರೇಕ್ ಲೈಟ್

ಕಳೆದ ವರ್ಷ ಜುಲೈ. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಇಳಿಯುತ್ತಿದ್ದೆ. ಸಂಜೆ ಐದೂವರೆಗೇ ಕತ್ತಲಾದ ಹಾಗಿತ್ತು. ಬೋಯಿಕೇರಿ ಹತ್ತಿರ ಮಂಜು ರಸ್ತೆ ಮೇಲೆ ಕೂತುಬಿಟ್ಟಿತ್ತು. ಮುಂದೆ ಎರಡು ದನ ಅಡ್ಡ ನಿಂತಿದ್ದವು. ಸೆಕೆಂಡ್ ಗೇರಿನಲ್ಲೇ ಇದ್ದೆ, ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟೆ. ನನ್ನ ಗಾಡಿ ನಿಂತಿತು. ಹಿಂದಿನ ಪಿಕಪ್ ನಿಲ್ಲಲಿಲ್ಲ.

ದೊಡ್ಡದೇನೂ ಆಗಲಿಲ್ಲ. ಅಂಬಾಸಿಡರ್ ಬಂಪರ್ ಅಂದರೆ ಗೊತ್ತಲ್ವಾ, ಕಬ್ಬಿಣದ ತೊಲೆ. ಅದಕ್ಕೊಂದು ಗೀರು, ಪಿಕಪ್‌ನ ಮುಂದಿನ ಪ್ಲಾಸ್ಟಿಕ್ ಮಾತ್ರ ಎರಡು ತುಂಡು. ಜಗಳಕ್ಕೆ ರೆಡಿಯಾಗಿಯೇ ಇಳಿದೆ. ಆ ಹುಡುಗ ಪಾಪ, ಮಳೆಯಲ್ಲಿ ನೆನೆಯುತ್ತಾ ನಿಂತು ಹೇಳಿದ: "ಅಣ್ಣ, ನೀವು ಬ್ರೇಕ್ ಹಿಡಿದದ್ದೇ ಗೊತ್ತಾಗ್ಲಿಲ್ಲ. ಲೈಟೇ ಬರ್ಲಿಲ್ಲ."

ಸುಳ್ಳು ಹೇಳ್ತಿದ್ದಾನೆ ಅಂದುಕೊಂಡೆ. ಮನೆಗೆ ಬಂದು ಮಗಳನ್ನು ಗಾಡಿ ಹಿಂದೆ ನಿಲ್ಲಿಸಿ ಪೆಡಲ್ ಒತ್ತಿದೆ. ಮೊದಲ ಸಲ ಏನೂ ಇಲ್ಲ. ಎರಡನೇ ಸಲವೂ ಇಲ್ಲ. ಸಿಟ್ಟು ಬಂದು ಜೋರಾಗಿ ಅದುಮಿದೆ. "ಹಾ, ಈಗ ಬಂತು. ಅಪ್ಪ, ಗಟ್ಟಿಯಾಗಿ ಒತ್ತಿದ್ರೆ ಮಾತ್ರ ಬರ್ತದೆ. ಬಂದ್ರೂ ದೀಪಾವಳಿ ಹಣತೆ ತರ ಇದೆ" ಅಂದಳು. ಪಿಕಪ್ ಹುಡುಗ ಸುಳ್ಳು ಹೇಳಿರಲಿಲ್ಲ. ಮರುದಿನ ಅವನ ಪ್ಲಾಸ್ಟಿಕ್‌ನ ಅರ್ಧ ದುಡ್ಡು ಕೊಟ್ಟೆ.

ಗಾಡಿ 1986ರ ಮಾರ್ಕ್ 4, ಪೆಟ್ರೋಲ್, 1489 ಸಿಸಿ ಇಂಜಿನ್. ಅಪ್ಪ ತೆಗೆದುಕೊಂಡದ್ದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಿಂದಿನ ಲೈಟುಗಳು ಮಡ್‌ಗಾರ್ಡ್ ತುದಿಯಲ್ಲಿ, ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಸಣ್ಣವು. ಆ ಕಾಲಕ್ಕೆ ಸಾಕಾಗಿತ್ತು. ಈಗ ಹಿಂದೆ ಬರುವವರೆಲ್ಲ ಎತ್ತರದ ಗಾಡಿಯವರು. ಹತ್ತಿರ ಬಂದು ನಿಂತರೆ ಅವರ ಬಾನೆಟ್ಟೇ ನನ್ನ ಲೈಟನ್ನು ಮರೆ ಮಾಡುತ್ತದೆ. ಹಿಂದಿನ ಗಾಜಿನೊಳಗೆ ಒಂದು ಲೈಟ್ ಇದ್ದರೆ ಅದು ಅವರ ಕಣ್ಣಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಮೂರನೇ ಬ್ರೇಕ್ ಲೈಟಿನ ವಿಚಾರ ಇಷ್ಟೇ.

ತಮಾಷೆ ಅಂದರೆ, ನನ್ನ ಗಾಡಿ ಹುಟ್ಟಿದ 1986ರ ಮಾಡೆಲ್ ವರ್ಷದಿಂದಲೇ ಅಮೆರಿಕದಲ್ಲಿ ಹೊಸ ಕಾರುಗಳಿಗೆಲ್ಲ ಈ ಲೈಟ್ ಕಡ್ಡಾಯವಾಯಿತು. 1974ರಲ್ಲಿ ಜಾನ್ ವೊಯೆವೊಡ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಹಿಂದೆ ಒಂದು ಹೆಚ್ಚಿನ ಲೈಟ್ ಹಾಕಿಸಿ ನೋಡಿದ್ದರು. ಹಿಂದಿನಿಂದ ಗುದ್ದುವುದು ಶೇ. 60ರಷ್ಟು ಇಳಿದಿತ್ತು. ಎಲ್ಲ ಕಾರಿಗೂ ಲೈಟ್ ಬಂದು, ಜನರ ಕಣ್ಣಿಗೆ ರೂಢಿಯಾದ ಮೇಲೆ ಅಲ್ಲಿನ ಸರ್ಕಾರವೇ ಮತ್ತೆ ಲೆಕ್ಕ ಹಾಕಿತು. ಆಗ ಸಿಕ್ಕ ಲಾಭ ಶೇ. 4.3 ಮಾತ್ರ. ಹಾಗಾಗಿ ಇದು ಮಂತ್ರದಂಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಲೆಕ್ಕ ಹಾಕಿದವರು ನಮ್ಮ ಆಷಾಢದ ಮಂಜಿನಲ್ಲಿ ಗಾಡಿ ಓಡಿಸಿದವರಲ್ಲ.

ಎಲ್ಇಡಿ ಲೈಟ್ ತಂದು ಒಂದು ಭಾನುವಾರ ಹಾಕಿಬಿಡೋಣ ಅಂತ ಇದ್ದೆ. ವೈರ್ ತೆಗೆದುಕೊಳ್ಳಲು ವೈರಿಂಗ್ ಕಾಕನ ಅಂಗಡಿಗೆ ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಇರೋ ಎರಡು ಸರಿ ಉರೀತದಾ?"

ನಾನು ಸುಮ್ನೆ ನಿಂತೆ.

"ಅದು ಸರಿ ಮಾಡದೆ ಮೂರನೇದು ಹಾಕಿದ್ರೆ, ಮೂರೂ ಒಟ್ಟಿಗೆ ತಡವಾಗಿ ಬರ್ತದೆ ಅಷ್ಟೇ" ಅಂದರು. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಯಾರೂ ಹೇಳಿಲ್ಲ.

ಮೀಟರ್ ಹಿಡಿದು ಕೂತೆವು. ಮಗಳು ಪೆಡಲ್ ಒತ್ತಿ ಹಿಡಿದಿದ್ದಳು. ಬ್ಯಾಟರಿಯಲ್ಲಿ 12.6 ವೋಲ್ಟ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ನಲ್ಲೇ ಇಟ್ಟು, ಕೆಂಪು ಕಡ್ಡಿಯನ್ನು ಬಲ್ಬಿಗೆ ಕರೆಂಟ್ ಬರುವ ಜಾಗಕ್ಕೆ ಮುಟ್ಟಿಸಿದರೆ 11.3. ಅಂದರೆ ಬರುವ ದಾರಿಯಲ್ಲೇ 1.3 ವೋಲ್ಟ್ ಸೋರಿಕೆ. ಆಮೇಲೆ ಕೆಂಪು ಕಡ್ಡಿಯನ್ನು ಬಲ್ಬ್ ಹೋಲ್ಡರಿನ ಮೈಗೆ ಮುಟ್ಟಿಸಿದೆವು. ಅಲ್ಲಿ ಸೊನ್ನೆ ಇರಬೇಕು. ಇದ್ದದ್ದು 1.6. ಅರ್ಥಿಂಗ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ, ಕೆಟ್ಟಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೊನೆಗೆ ಬಲ್ಬಿಗೆ ಸಿಗುತ್ತಿದ್ದದ್ದು 9.7 ವೋಲ್ಟ್. ತಂತಿ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. 9.7ಕ್ಕೆ ಅರ್ಧ ಬೆಳಕೂ ಇರುವುದಿಲ್ಲ. ಮಗಳ ಹಣತೆಯ ಲೆಕ್ಕ ಸರಿ ಇತ್ತು.

ಇದು ಕೊಡಗಿನ ಕಾಯಿಲೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಹಳೇ ಗಾಡಿಯಲ್ಲಿ ಹಿಂದಿನ ಲೈಟಿಗೆ ಬೇರೆ ಅರ್ಥಿಂಗ್ ವೈರ್ ಇಲ್ಲ. ಹೋಲ್ಡರಿನ ತಗಡು ಬಾಡಿಗೆ ತಾಗಿದ್ದೇ ಅರ್ಥಿಂಗ್. ಆ ತಾಗುವ ಜಾಗ ತುಕ್ಕು ಹಿಡಿದರೆ ಮುಗಿಯಿತು. ಎರಡೂ ಹೋಲ್ಡರ್ ಬಿಚ್ಚಿ ಉಪ್ಪು ಕಾಗದದಲ್ಲಿ ಬೆಳ್ಳಗಾಗುವ ತನಕ ತಿಕ್ಕಿದೆ. ಒಂದೊಂದಕ್ಕೂ ಕಪ್ಪು ವೈರ್ ಬೆಸುಗೆ ಹಾಕಿ, ಡಿಕ್ಕಿಯೊಳಗಿನ ಒಂದೇ ಬೋಲ್ಟಿಗೆ ತಂದು ಬಿಗಿದೆ. ಬೋಲ್ಟಿನ ಕೆಳಗೆ ಪೇಂಟ್ ಕೆರೆದು, ಬಿಗಿದ ಮೇಲೆ ಮೇಲಿಂದ ವ್ಯಾಸಲೀನ್ ಬಳಿದೆ. 1.6 ಇದ್ದದ್ದು 0.1ಕ್ಕೆ ಇಳಿಯಿತು.

ಇನ್ನು ತಡವಾಗಿ ಬರುವ ಕಥೆ. ಈ ಗಾಡಿಯಲ್ಲಿ ಬ್ರೇಕ್ ಲೈಟಿನ ಸ್ವಿಚ್ ಪೆಡಲ್ ಹತ್ತಿರ ಇಲ್ಲ. ಬ್ರೇಕ್ ಪೈಪಿನಲ್ಲಿ ಕೂತಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ಒಳಗಿನ ತಗಡು ಉಬ್ಬಿ ಎರಡು ಟರ್ಮಿನಲ್‌ಗಳನ್ನು ಸೇರಿಸುತ್ತದೆ. ಸ್ವಿಚ್ ಹಳತಾದ ಹಾಗೆ ಸೋಮಾರಿಯಾಗುತ್ತದೆ. ಒತ್ತಡ ಜಾಸ್ತಿ ಕೇಳುತ್ತದೆ. ಘಾಟಿ ಇಳಿಯುವಾಗ ನಾವು ಗೇರಿನಲ್ಲೇ ಗಾಡಿ ಹಿಡಿದು, ಬ್ರೇಕನ್ನು ಬರೀ ಸವರುತ್ತೇವಲ್ವಾ? ಆ ಸವರುವಿಕೆಗೆ ನನ್ನ ಸ್ವಿಚ್ ಏಳುತ್ತಲೇ ಇರಲಿಲ್ಲ. ಎಷ್ಟು ವರ್ಷದಿಂದ ಹೀಗಿತ್ತೋ! ಸಂಪಾಜೆ ಘಾಟಿಯಲ್ಲಿ ಹಿಂದಿನವರು ಅಷ್ಟೊಂದು ಹಾರ್ನ್ ಹೊಡೆಯುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ಹೊಸ ಸ್ವಿಚ್ ಸಿಕ್ಕಿತು. ಹಾಕುವುದು ಎರಡು ನಿಮಿಷದ ಕೆಲಸ, ಆದರೆ ಪೈಪಿಗೆ ಗಾಳಿ ಹೋಗುತ್ತದೆ. ಹೊಸದನ್ನು ಕೈಯಲ್ಲಿ ಹಿಡಿದುಕೊಂಡೇ ಹಳತನ್ನು ಬಿಚ್ಚಬೇಕು. ಕೆಳಗೆ ಬಟ್ಟೆ ಹಾಸಿರಬೇಕು, ಬ್ರೇಕ್ ಆಯಿಲ್ ಪೇಂಟ್ ತಿಂದುಬಿಡುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಲು ಹೋಗಬೇಡಿ, ಅದರ ಚೂರು ಪೈಪಿನೊಳಗೆ ಸೇರಿದರೆ ಕಷ್ಟ. ಆಮೇಲೆ ಏರ್ ತೆಗೆಯುವುದು. ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರಕ್ಕೆ ಬಂದೆವು. ಇದನ್ನು ನಾನು ಒಬ್ಬನೇ ಮಾಡಲಿಲ್ಲ. ಕಾಕ ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಹತ್ತಿರ, ನಾನು ಪೆಡಲ್ ಮೇಲೆ. ಬ್ರೇಕ್ ಕೆಲಸ ಗೊತ್ತಿಲ್ಲದವರು ಈ ಭಾಗವನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು. ಈಗ ಪೆಡಲ್ ಮೇಲೆ ಕಾಲಿನ ಭಾರ ಬಿದ್ದರೆ ಸಾಕು, ಲೈಟ್ ಬರುತ್ತದೆ. ಬರುವ ದಾರಿಯ ಸೋರಿಕೆಯೂ ಹೊಸ ಸ್ವಿಚ್ಚಿನಿಂದ ಹೆಚ್ಚುಕಡಿಮೆ ಹೋಯಿತು. ಬಲ್ಬಿನಲ್ಲಿ 12.1 ವೋಲ್ಟ್.

ಇಷ್ಟಾಗುವಾಗ ಮೂರು ಭಾನುವಾರ ಕಳೆದಿತ್ತು. ಮೂರನೇ ಲೈಟ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ಲೈಟ್ 450 ರೂಪಾಯಿಯದು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಪ್ಪು ಡಬ್ಬಿ, ಒಳಗೆ ಸಾಲಾಗಿ ಎಲ್ಇಡಿ, ಒಟ್ಟು 3 ವ್ಯಾಟ್. ಮಿಣುಕುವ ಜಾತಿಯದನ್ನೂ ಅಂಗಡಿಯವರು ತೋರಿಸಿದರು. ಬೇಡ ಅಂದೆ. ಬ್ರೇಕ್ ಲೈಟ್ ಹತ್ತಿದರೆ ಹತ್ತಿಯೇ ಇರಬೇಕು, ಮದುವೆ ಮನೆ ಸೀರಿಯಲ್ ಸೆಟ್ ಆಗಬಾರದು. ಹಿಂದಿನ ಎರಡು ಬಲ್ಬ್ 21 ವ್ಯಾಟಿನವು, ಸೇರಿ ಸುಮಾರು ಮೂರೂವರೆ ಆಂಪ್ ಎಳೆಯುತ್ತವೆ. ಎಲ್ಇಡಿ ಎಳೆಯುವುದು ಕಾಲು ಆಂಪ್. ಹಾಗಾಗಿ ಸ್ವಿಚ್ಚಿನ ಹೊರೆ ಇಳಿಸುವ ರಿಲೇ ಗಿಲೇ ಬೇಕಾಗಲಿಲ್ಲ. ಇನ್ನೊಂದು ಲಾಭ, ತಂತಿ ಬಲ್ಬ್ ಕಾದು ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್ಇಡಿ ತಕ್ಷಣ ಹತ್ತುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಹಿಂದಿನ ಗಾಡಿ ಮೂರು ಮೀಟರಿಗಿಂತ ಜಾಸ್ತಿ ಮುಂದೆ ಬಂದಿರುತ್ತದೆ.

ಕೂರಿಸುವುದು ಎಲ್ಲಿ? ಬಾಡಿಗೆ ತೂತು ಕೊರೆಯುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ಡಿಕ್ಕಿ ಮುಚ್ಚಳದ ಮೇಲೆ ಕೂರಿಸಿದವರಿದ್ದಾರೆ, ಆದರೆ ಅಲ್ಲಿ ಕೊರೆದ ತೂತಿನಿಂದ ಎರಡು ಮಳೆಗಾಲದಲ್ಲಿ ತುಕ್ಕು ಹೊರಡುತ್ತದೆ. ಅಪ್ಪ ಹೋಗಿ ಆರು ವರ್ಷವಾಯಿತು, ಅವರ ಗಾಡಿಗೆ ಡ್ರಿಲ್ ಇಡಲು ಈಗಲೂ ಧೈರ್ಯವಿಲ್ಲ. ಹಿಂದಿನ ಸೀಟಿನ ಹಿಂದೆ, ಗಾಜಿನ ಬುಡದಲ್ಲಿ ಸ್ಪೀಕರ್ ಇಡುವ ಹಲಗೆ ಇದೆಯಲ್ಲ, ಅಲ್ಲಿ ಅಪ್ಪನೇ ಹಿಂದೆ ಸ್ಪೀಕರ್ ಹಾಕಿಸಿದ್ದರು. ಅದರ ಸ್ಕ್ರೂ ತೂತುಗಳು ಹಾಗೇ ಇದ್ದವು. ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ತುಂಡೊಂದನ್ನು ಗಾಜಿನ ಓರೆಗೆ ಸರಿಯಾಗಿ ಕೊಯ್ದು, ಕಪ್ಪು ಬಣ್ಣ ಬಳಿದು, ಆ ತೂತುಗಳಿಗೇ ಬಿಗಿದೆ. ಅದರ ಮೇಲೆ ಲೈಟ್. ನಡುಮಧ್ಯ ಸಿಗಲು ಗಾಜಿನ ಎರಡೂ ತುದಿಯಿಂದ ದಾರ ಹಿಡಿದು ಅಳೆದೆ.

ವೈರನ್ನು ಎಡಗಡೆ ಬ್ರೇಕ್ ಬಲ್ಬಿನಿಂದ ತೆಗೆದೆ. ಬಣ್ಣ ನೋಡಿ ಮೋಸ ಹೋಗಬೇಡಿ. ಲೂಕಾಸ್ ಅನ್ನುವ ಬ್ರಿಟಿಷ್ ಕಂಪನಿಯ ವೈರಿಂಗ್ ಪದ್ಧತಿಯಲ್ಲಿ ಬ್ರೇಕ್ ಲೈಟಿನದು ಹಸಿರು ವೈರಿನ ಮೇಲೆ ನೇರಳೆ ಗೆರೆ. ನನ್ನ ಡಿಕ್ಕಿಯಲ್ಲಿ ಹಸಿರೂ ಇಲ್ಲ, ನೇರಳೆಯೂ ಇಲ್ಲ. ಎಲ್ಲವೂ ಮಣ್ಣಿನ ಬಣ್ಣ, ನಡುವೆ ಯಾರೋ ಜೋಡಿಸಿದ ಹಳದಿ ತುಂಡು. ಟೆಸ್ಟ್ ಲ್ಯಾಂಪ್ ಹಿಡಿದು, ಪಾರ್ಕಿಂಗ್ ಹಾಕಿದಾಗ ಹತ್ತದೆ, ಇಂಡಿಕೇಟರಿಗೂ ಹತ್ತದೆ, ಪೆಡಲಿಗೆ ಮಾತ್ರ ಹತ್ತುವ ವೈರ್ ಯಾವುದು ಅಂತ ಹುಡುಕಿದೆ. ಕೆಲವು ಹಳೇ ಅಮೆರಿಕನ್ ಕಾರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ತಂತಿ. ಅಂಥ ಗಾಡಿಯಲ್ಲಿ ಬಲ್ಬಿನಿಂದ ತೆಗೆದರೆ ಮೂರನೇ ಲೈಟೂ ಇಂಡಿಕೇಟರ್ ಜೊತೆ ಮಿಣುಕುತ್ತದೆ. ಅಲ್ಲಿ ಬ್ರೇಕ್ ಸ್ವಿಚ್ಚಿನಿಂದಲೇ ಬೇರೆ ವೈರ್ ಎಳೆಯಬೇಕು. ಹಾಗೇ, ಎಲ್ಇಡಿ ಪ್ಲಸ್ ಮೈನಸ್ ತಿರುಗಿದರೆ ಹತ್ತುವುದಿಲ್ಲ. ತುಂಬಾ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಕಟ್ಟಿರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ವೈರ್ ತೆಗೆದ ಜಾಗದಲ್ಲೇ 2 ಆಂಪ್ ಫ್ಯೂಸ್ ಹಾಕಿದೆ. ಹಳೇ ಗಾಡಿಯ ಫ್ಯೂಸ್ ದಪ್ಪದ್ದು, ಅದು ಹೋಗುವ ಮೊದಲು ನನ್ನ ಸಣ್ಣ ವೈರ್ ಸುಟ್ಟುಹೋಗುತ್ತದೆ. ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ ಬೇಡ, ನಮ್ಮ ತೇವಕ್ಕೆ ಅದು ಒಳಗೇ ಹಸಿರು ಕಟ್ಟುತ್ತದೆ. ಬೆಸುಗೆ, ಅದರ ಮೇಲೆ ಹೀಟ್ ಶ್ರಿಂಕ್ ಟ್ಯೂಬ್. ಲೈಟಿನ ಮೈನಸ್ ಅದೇ ಹೊಸ ಬೋಲ್ಟಿಗೆ.

ಮೊದಲ ರಾತ್ರಿ ಖುಷಿಯಲ್ಲಿ ಪೆಡಲ್ ಒತ್ತಿದೆ. ಗಾಡಿಯೊಳಗೆಲ್ಲ ಕೆಂಪು! ಗಾಜಿಗೆ ಬಡಿದ ಬೆಳಕು ವಾಪಸ್ ಬಂದು ಕನ್ನಡಿಯಲ್ಲಿ ಬರೀ ಕೆಂಪು ಪಟ್ಟಿ. ಇದರಲ್ಲಿ ಓಡಿಸಲು ಸಾಧ್ಯವೇ ಇಲ್ಲ. ಡಬ್ಬಿಗೂ ಗಾಜಿಗೂ ನಡುವೆ ಅರ್ಧ ಬೆರಳಿನಷ್ಟು ಸಂದು ಇತ್ತು. ಹಳೇ ಸೈಕಲ್ ಟ್ಯೂಬ್ ಸೀಳಿ, ಡಬ್ಬಿಯ ಸುತ್ತ ತುಟಿಯ ಹಾಗೆ ಅಂಟಿಸಿ, ಅದು ಗಾಜಿಗೆ ಒತ್ತಿ ಕೂರುವ ಹಾಗೆ ಮಾಡಿದೆ. ಒಳಗಿನ ಕೆಂಪು ಪೂರ್ತಿ ಹೋಯಿತು. ಅಲ್ಲಿ ಗಾಜಿನ ಮೇಲೆ ಹಳೇ ಸನ್ ಫಿಲ್ಮಿನ ಅಂಟು ಉಳಿದಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಬೇಡ ಅಂದಾಗ ಅಪ್ಪ ಬೈದುಕೊಂಡೇ ಸುಲಿದದ್ದು. ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಒಳ್ಳೇ ಮಂಜಿತ್ತು. ಭಾವನಿಗೆ ಜೀಪಿನಲ್ಲಿ ಹಿಂದೆ ಬರಲು ಹೇಳಿದೆ. ಪಕ್ಕದಲ್ಲಿ ಅಕ್ಕ ಕೂತು ಫೋನಿನಲ್ಲಿ ಹೇಳುತ್ತಿದ್ದಳು: "ನಿನ್ನ ಗಾಡಿ ಕಾಣಲ್ಲ ಕಣೋ. ಕೆಳಗಿನ ಎರಡು ಒಮ್ಮೆ ಕಾಣ್ತದೆ, ಒಮ್ಮೆ ಇಲ್ಲ. ಮೇಲಿಂದು ಗೊತ್ತಾಗ್ತದೆ." ಎಷ್ಟು ದೂರ ಅಂದೆ. "ಒಂದೂವರೆ ಕರೆಂಟ್ ಕಂಬ" ಅಂದಳು. ಗೇರಿನಲ್ಲಿ ಮಾತ್ರ ನಿಧಾನ ಮಾಡಿದಾಗ ಯಾವ ಲೈಟೂ ಬರುವುದಿಲ್ಲ, ಹತ್ತು ಲೈಟ್ ಹಾಕಿದರೂ ಅಷ್ಟೇ. ಅದಕ್ಕೇ ಈಗ ಇಳಿಜಾರಿನಲ್ಲಿ ಗೇರ್ ಇಳಿಸುವ ಮೊದಲು ಪೆಡಲನ್ನು ಬೇಕಂತಲೇ ಒಮ್ಮೆ ಸವರುತ್ತೇನೆ. ಹೊಸ ಸ್ವಿಚ್ ಇರುವುದರಿಂದ ಅಷ್ಟಕ್ಕೇ ಲೈಟ್ ಬರುತ್ತದೆ.

ಒಂದು ತೊಂದರೆ ಉಳಿದಿದೆ. ಹಿಂದಿನ ಗಾಜಿಗೆ ಹೀಟರ್ ತಂತಿ ಇಲ್ಲ. ಮಳೆಯಲ್ಲಿ ನಾಲ್ಕು ಜನ ಕೂತರೆ ಒಳಗಿನಿಂದ ಹಬೆ ಹಿಡಿಯುತ್ತದೆ. ಟ್ಯೂಬಿನ ತುಟಿ ಒತ್ತಿರುವ ಜಾಗದಲ್ಲಿ ಹಬೆ ಕಡಿಮೆ, ಆದರೆ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಹೊರಡುವ ಮೊದಲು ಒಮ್ಮೆ ಬಟ್ಟೆಯಲ್ಲಿ ಒರೆಸುತ್ತೇನೆ.

ಅದಕ್ಕಿಂತ ದೊಡ್ಡ ತೊಂದರೆ ಅಮ್ಮ. ಮೂವತ್ತು ವರ್ಷದಿಂದ ಅವರ ಕೊಡೆ, ಸಂತೆ ಚೀಲ ಎಲ್ಲ ಆ ಹಲಗೆಯ ಮೇಲೇ. ಕಳೆದ ಭಾನುವಾರ ಕುಶಾಲನಗರದಿಂದ ಬರುವಾಗ ಲೈಟಿನ ಎದುರಿಗೇ ಒಂದು ಹೂಕೋಸು ಕೂತಿತ್ತು. ಮುಂದಿನ ಸೀಟಿನ ಹಿಂದೆ ಎರಡು ಕೊಕ್ಕೆ ಹಾಕಿ ಕೊಟ್ಟಿದ್ದೇನೆ. ಕೊಡೆ ಅಲ್ಲಿಗೆ ಬಂದಿದೆ. ಚೀಲ ಇನ್ನೂ ಬಂದಿಲ್ಲ.