ನುಡಿ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸ: ನಾನು ಮಾಡುವ ಕ್ರಮ

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ (ಇಂಗ್ಲಿಷ್ ಗುರುತುಗಳ ಕೋಡ್‌ಗಳ ಮೇಲೆ ಕನ್ನಡದ ಆಕಾರ ಕೂರಿಸಿದವು) ಟೈಪ್ ಮಾಡಿದ್ದನ್ನು ಯೂನಿಕೋಡಿಗೆ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಕೋಡ್ ಇರುವ ಪದ್ಧತಿಗೆ, ತರುವುದೆಂದರೆ ಪರಿವರ್ತಕದಲ್ಲಿ ಅಂಟಿಸಿ ಒಂದು ಗುಂಡಿ ಒತ್ತುವುದು ಎಂದು ಬಹಳ ಜನ ತಿಳಿದಿದ್ದಾರೆ. ಒಂದು ಪುಟದ ಅರ್ಜಿಗೆ ಅಷ್ಟೇ ಸಾಕು. ಮುನ್ನೂರು ಪುಟದ ಪುಸ್ತಕಕ್ಕೆ, ಅಡಿಟಿಪ್ಪಣಿ, ಕೋಷ್ಟಕ, ನಡುನಡುವೆ ಇಂಗ್ಲಿಷ್ ಇರುವ ವರದಿಗೆ ಅದು ಸಾಲದು. ಬದಲಾಯಿಸಿದ್ದು ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದರೆ ಸಿಗುವುದಿಲ್ಲ, ದಪ್ಪಕ್ಷರ ಮಾಯವಾಗಿರುತ್ತದೆ, ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ, ಪರಿಹಾರವೂ ಇದೆ.

ಮೊದಲು ಒಳಗೆ ಏನಿದೆ ಎಂದು ನೋಡಬೇಕು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಉಳಿಯುವುದು 80, 192, 163, 192, 223, 113, 192 ಎಂಬ ಏಳು ಕೋಡ್‌ಗಳು. 80 ಎಂದರೆ ಕ-ದ ಒಡಲು (ತಲೆಕಟ್ಟಿಲ್ಲದ ಆಕಾರ), 192 ಎಂದರೆ ತಲೆಕಟ್ಟು, 223 ಎಂದರೆ ನ-ದ ಒತ್ತು. ಅಚ್ಚಿನ ಮೊಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಹಾಗೆ, ಇಲ್ಲಿರುವುದು ಅಕ್ಷರದ ಆಕಾರಗಳು ಮಾತ್ರ. ಯೂನಿಕೋಡಿನಲ್ಲಿ ಅದೇ ಪದ 3221, 3240, 3277, 3240, 3233 ಎಂಬ ಐದು ಕೋಡ್‌: ಕ, ನ, ವಿರಾಮ (ವ್ಯಂಜನದ ಅಕಾರವನ್ನು ತೆಗೆಯುವ ಗುರುತು), ನ, ಡ. ಇಲ್ಲಿ ತಲೆಕಟ್ಟು ಎಂಬುದೇ ಇಲ್ಲ. ಅದನ್ನು ಬರೆಯುವುದು ಫಾಂಟಿನ ಕೆಲಸ. ಹಾಗಾಗಿ ಪರಿವರ್ತನೆ ಎಂದರೆ ಕೋಡಿಗೆ ಕೋಡ್ ಬದಲಿಸುವುದಲ್ಲ, ಆಕಾರಗಳ ಸಾಲನ್ನು ಓದಿ ಅಕ್ಷರಗಳನ್ನು ಕಟ್ಟುವುದು.

ಇದಕ್ಕೆ ಬೇಕಾದ, ಯಾವ ಕೋಡ್ ಸಾಲಿಗೆ ಯಾವ ಅಕ್ಷರ ಎಂಬ ಕೋಷ್ಟಕವನ್ನು ಮಾಡುವಾಗ ಉದ್ದನೆಯ ಸಾಲು ಮೊದಲು, ಚಿಕ್ಕದು ಆಮೇಲೆ ಎಂಬ ನಿಯಮ ಬಿಡಬಾರದು. ಕಾರಣ ಮ ಮತ್ತು ಯ. ನುಡಿಯಲ್ಲಿ ಮ-ಕ್ಕೆ ಬೇರೆ ಮೊಳೆಯಿಲ್ಲ. ವ-ದ ಒಡಲು 170, ತಲೆಕಟ್ಟು 192, ಅದರ ಮುಂದೆ ಕೊಂಬು 196 ಸೇರಿದರೆ ಮ. ಹಾಗಾದರೆ ‘ವು’ ಹೇಗೆ? ಅದಕ್ಕೆ 197 ಎಂಬ ಇನ್ನೊಂದು ಕೊಂಬಿದೆ. ‘ಮು’ ಬೇಕಾದರೆ 196 ಎರಡು ಸಲ ಬರುತ್ತದೆ. ‘ಮಾ’ ಇನ್ನೂ ಬೇರೆ: 170, 192, 105, 193. ಇನ್ನು 65 ಒಂಟಿಯಾಗಿ ಬಂದರೆ ಸೊನ್ನೆ, ಅಂದರೆ ಅನುಸ್ವಾರ. ಅದರ ಮುಂದೆ 105, 192, 196 ಬಂದರೆ ನಾಲ್ಕೂ ಸೇರಿ ಯ. ಚಿಕ್ಕದನ್ನು ಮೊದಲು ಬದಲಿಸುವ ಪರಿವರ್ತಕ ‘ಮನೆ’ಯನ್ನು ‘ವುನೆ’ ಮಾಡುತ್ತದೆ. ಅಂತರಜಾಲದಲ್ಲಿ ಇವತ್ತಿಗೂ ‘ವುತ್ತು’, ‘ವುನುಷ್ಯ’ ಎಂಬ ಪದಗಳು ಸಿಗುವುದು ಇದೇ ಕಾರಣಕ್ಕೆ.

ಕ್ರಮದ ತೊಡಕು ಇದಕ್ಕಿಂತ ದೊಡ್ಡದು. ‘ಕ್ಕೆ’ ನುಡಿಯಲ್ಲಿ 80, 201, 204: ಮೊದಲು ಕ, ಆಮೇಲೆ ಏತ್ವ, ಕೊನೆಗೆ ಒತ್ತು. ಯೂನಿಕೋಡಿನಲ್ಲಿ ಒತ್ತು ಮೊದಲು, ಏತ್ವ ಕೊನೆಗೆ. ‘ಸ್ತ್ರೀ’ ಇನ್ನೂ ಒಳ್ಳೆಯ ಪರೀಕ್ಷೆ: ‘ಸಿ’ಗೆ 185, ತ ಒತ್ತಿಗೆ 219, ರ ಒತ್ತಿಗೆ 231, ದೀರ್ಘಕ್ಕೆ 195. ದೀರ್ಘ ಎರಡು ಒತ್ತುಗಳ ಆಚೆ ಇದ್ದರೂ ಹಿಂದೆ ಹೋಗಿ ಗುಡಿಸಿನ ಜೊತೆ ಸೇರಬೇಕು. ಅರ್ಕಾವತ್ತು 240, ಅದು ಇಡೀ ಅಕ್ಷರ ಮುಗಿದ ಮೇಲೆ ಬರುತ್ತದೆ, ಆದರೆ ಯೂನಿಕೋಡಿನಲ್ಲಿ ‘ರ್’ ಇಡೀ ಗುಂಪಿನ ತಲೆಯಲ್ಲಿ ಕೂರಬೇಕು. ನಾನು ಮಾಡುವುದು ಹೀಗೆ: ವ್ಯಂಜನದ ಒಡಲು ಸಿಕ್ಕ ಕೂಡಲೇ ಒಂದು ಗುಂಪು ತೆರೆಯುತ್ತೇನೆ, ಸ್ವರಚಿಹ್ನೆಯನ್ನು ಬರೆಯದೆ ಪಕ್ಕಕ್ಕಿಡುತ್ತೇನೆ, ಒತ್ತು ಬಂದರೆ ಗುಂಪಿಗೆ ಸೇರಿಸುತ್ತೇನೆ, ದೀರ್ಘ ಬಂದರೆ ಪಕ್ಕಕ್ಕಿಟ್ಟ ಚಿಹ್ನೆಗೆ ಅಂಟಿಸುತ್ತೇನೆ, 240 ಬಂದರೆ ಗುಂಪಿನ ಮೊದಲಿಗೆ ‘ರ್’ ಇಡುತ್ತೇನೆ. ಮುಂದಿನ ಒಡಲೋ ಖಾಲಿ ಜಾಗವೋ ಬಂದಾಗ ಗುಂಪು, ಚಿಹ್ನೆ ಎರಡನ್ನೂ ಹೊರಗೆ ಬರೆಯುತ್ತೇನೆ. ಬರೀ ಹುಡುಕು-ಬದಲಿಸು ಸಾಲುಗಳಿಂದ ಇದನ್ನು ಮಾಡಲು ಹೊರಟರೆ ಮೂರು ಒತ್ತಿನ ಪದ ಬಂದಾಗ ಸೋಲು ಖಚಿತ.

ದೀರ್ಘದ ವಿಷಯದಲ್ಲಿ ಇನ್ನೊಂದು ಮಾತು. ‘ಕೇ’ ಎಂಬಲ್ಲಿ ಏತ್ವ 3270, ದೀರ್ಘ 3285 ಎಂದು ಎರಡು ಕೋಡ್ ಬರೆದರೂ ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. 3271 ಎಂಬ ಒಂದೇ ಕೋಡ್ ಬರೆದರೂ ಅದೇ ರೂಪ. ಆದರೆ ಕೀಲಿಮಣೆಯಲ್ಲಿ ‘ಕೇ’ ಒತ್ತಿದಾಗ ಬರುವುದು 3271. ಕಡತದಲ್ಲಿ ಒಡೆದ ರೂಪ ಇದ್ದರೆ ಹುಡುಕಾಟಕ್ಕೆ ಸಿಗದೆ ಹೋಗಬಹುದು. ‘ಕೀ’, ‘ಕೊ’, ‘ಕೋ’, ‘ಕೈ’ಗಳಿಗೂ ಇದೇ ಕತೆ. ಪರಿವರ್ತನೆ ಮುಗಿದ ಮೇಲೆ ಇಡೀ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಕೋಡ್‌ಗಳು ಕೂಡಿದ ಒಂದೇ ರೂಪಕ್ಕೆ, ತರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ. ಅದನ್ನು ಎಂದೂ ಬಿಡುವುದಿಲ್ಲ.

ವಿರಾಮದ ಕೋಡ್ 239. ‘ರಾಜ್‌ಕುಮಾರ್’, ‘ಸಾಫ್ಟ್‌ವೇರ್’ ಇಂಥ ಪದಗಳಲ್ಲಿ ಅದು ಪದದ ನಡುವೆ ಬರುತ್ತದೆ. ಹಾಗೆಯೇ ವಿರಾಮವಾಗಿ ಬದಲಿಸಿದರೆ ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿದು ‘ರಾಜ್ಕುಮಾರ್’ ಆಗುತ್ತದೆ. 239ರ ಮುಂದೆ ವ್ಯಂಜನವಿದ್ದರೆ ಮಾತ್ರ 8204, ಅಂದರೆ ಶೂನ್ಯ ಅಗಲದ ಬೇರ್ಪಡಿಕೆ, ಸೇರಿಸಬೇಕು. ಪದದ ಕೊನೆಯ ವಿರಾಮಕ್ಕೂ ಅದನ್ನು ಸೇರಿಸುವ ಪರಿವರ್ತಕಗಳಿವೆ; ಅದರಿಂದ ಒಂದೇ ಪದಕ್ಕೆ ಎರಡು ರೂಪ ಹುಟ್ಟಿ ಪದಪಟ್ಟಿ ಹಾಳಾಗುತ್ತದೆ. ‘ರ‍್ಯಾಲಿ’ಯಂಥ ಪದದಲ್ಲಿ ರ-ದ ಒಡಲಿನ ಕೆಳಗೆ ಯ ಒತ್ತು 229 ಇರುತ್ತದೆ. ಅಲ್ಲಿ ರ ಆದ ಕೂಡಲೇ 8205, ಅಂದರೆ ಶೂನ್ಯ ಅಗಲದ ಜೋಡಣೆ, ಆಮೇಲೆ ವಿರಾಮ, ಆಮೇಲೆ ಯ. ಇಲ್ಲದಿದ್ದರೆ ಅರ್ಕಾವತ್ತಾಗಿ ‘ರ್ಯಾಲಿ’ ಎಂದು ಕಾಣುತ್ತದೆ. ಮೂಲದಲ್ಲಿ ಬರೆದವರು ಎರಡರಲ್ಲಿ ಯಾವ ರೂಪ ಇಟ್ಟಿದ್ದರೋ ಅದನ್ನೇ ಉಳಿಸುವುದು ನನ್ನ ಪದ್ಧತಿ.

ಇಷ್ಟು ಪಠ್ಯದ ಮಾತು. ನಿಜವಾದ ದುಡಿತ ಇರುವುದು ಕಡತದ ಕಟ್ಟಡದಲ್ಲಿ.

ವರ್ಡಿನ ಹಳೆಯ ಡಾಕ್ (.doc) ಕಡತಗಳನ್ನು ಮೊದಲು ಲಿಬ್ರೆಆಫೀಸಿನ ಹೆಡ್‌ಲೆಸ್ ವಿಧಾನದಲ್ಲಿ, ಅಂದರೆ ಕಿಟಕಿ ತೆರೆಯದೆ ಆಜ್ಞೆಯಿಂದಲೇ, ಒಟ್ಟಿಗೆ ಡಾಕ್ಸ್ (.docx) ಮಾಡಿಕೊಳ್ಳುತ್ತೇನೆ. ಡಾಕ್ಸ್ ಎಂದರೆ ಒಂದು ಜಿಪ್ ಕಟ್ಟು. ಒಳಗೆ ಎಕ್ಸ್‌ಎಂಎಲ್ (ಗುರುತುಪಟ್ಟಿ ಹಚ್ಚಿದ ಪಠ್ಯ) ಕಡತಗಳಿರುತ್ತವೆ, ಪಠ್ಯ ‘ರನ್’ ಎಂಬ ತುಂಡುಗಳಲ್ಲಿ ಇರುತ್ತದೆ, ಪ್ರತಿ ತುಂಡಿಗೂ ತನ್ನ ಫಾಂಟ್. ನುಡಿ ಫಾಂಟಿನ ತುಂಡನ್ನು ಮಾತ್ರ ಬದಲಿಸಿ, ಟೈಮ್ಸ್ ನ್ಯೂ ರೋಮನ್‌ನಲ್ಲಿರುವ ಇಂಗ್ಲಿಷನ್ನು ಮುಟ್ಟದೆ ಬಿಡಬೇಕು. ಪಠ್ಯವನ್ನು ನಕಲಿಸಿ ಅಂಟಿಸುವ ದಾರಿಯಲ್ಲಿ ಕಳೆದುಹೋಗುವುದು ಈ ಫಾಂಟಿನ ಮಾಹಿತಿಯೇ. ಅಂಕಿಗಳ ಪಾಡೂ ಹಾಗೆಯೇ: ‘ನುಡಿ 01 ಇ’ ಫಾಂಟಿನಲ್ಲಿ ಅಂಕಿ 1, 2, 3 ಎಂದೂ ‘ನುಡಿ 01 ಕೆ’ ಫಾಂಟಿನಲ್ಲಿ ೧, ೨, ೩ ಎಂದೂ ಕಾಣುತ್ತವೆ, ಒಳಗಿನ ಕೋಡ್ ಎರಡಕ್ಕೂ ಒಂದೇ. ಯಾವ ಅಂಕಿ ಎಂಬುದು ಫಾಂಟಿನ ಹೆಸರಿನಲ್ಲಿ ಮಾತ್ರ ಇದೆ.

ಡಾಕ್ಸ್ ಕಡತ ಓದಿ ಬರೆಯಲು ಪೈಥಾನ್-ಡಾಕ್ಸ್ ಎಂಬ ಪೈಥಾನ್ ಸಂಗ್ರಹವನ್ನು ಬಳಸುವವರು ಎರಡು ಕಡೆ ಎಡವುತ್ತಾರೆ. ತುಂಡಿಗೆ ಫಾಂಟ್ ಹೆಸರು ಕೇಳಿದಾಗ ಖಾಲಿ ಉತ್ತರ ಬಂದರೆ ಫಾಂಟ್ ಇಲ್ಲವೆಂದಲ್ಲ, ಅದು ಪ್ಯಾರಾದ ಶೈಲಿಯಿಂದ ಇಳಿದು ಬಂದಿದೆ. ಶೈಲಿಯನ್ನು, ಅದರ ಮೂಲಶೈಲಿಯನ್ನು ಹತ್ತಿ ನೋಡಬೇಕು. ಎರಡನೆಯದು, ತಿದ್ದುಪಡಿ ಮಾಡಿದಲ್ಲೆಲ್ಲ ವರ್ಡ್ ತುಂಡನ್ನು ಒಡೆಯುತ್ತದೆ. ಕ-ದ ಒಡಲು ಒಂದು ತುಂಡಿನಲ್ಲಿ, ಅದರ ಏತ್ವ ಮುಂದಿನ ತುಂಡಿನಲ್ಲಿ ಇರಬಹುದು. ತುಂಡುತುಂಡಾಗಿ ಬದಲಿಸಿದರೆ ಒಂಟಿ ಏತ್ವ ಚುಕ್ಕಿವೃತ್ತದ ಮೇಲೆ ನಿಲ್ಲುತ್ತದೆ. ಅಕ್ಕಪಕ್ಕದ ತುಂಡುಗಳ ಶೈಲಿ ಒಂದೇ ಆಗಿದ್ದರೆ ಮೊದಲು ಸೇರಿಸಿ, ಆಮೇಲೆ ಬದಲಿಸಿ. ಕೋಷ್ಟಕ, ಅಡಿಟಿಪ್ಪಣಿ, ಪುಟದ ಮೇಲಂಚಿನ ಬರಹ (ಹೆಡರ್), ಪಠ್ಯಪೆಟ್ಟಿಗೆ ಇವು ಮುಖ್ಯ ಪ್ಯಾರಾಗಳ ಪಟ್ಟಿಯಲ್ಲಿ ಬರುವುದಿಲ್ಲ. ಅವಕ್ಕೆ ಬೇರೆಯಾಗಿ ಹೋಗಬೇಕು. ಅಡಿಟಿಪ್ಪಣಿಯಂತೂ ಬೇರೆಯೇ ಎಕ್ಸ್‌ಎಂಎಲ್ ಕಡತದಲ್ಲಿರುತ್ತದೆ.

ಬದಲಿಸಿದ ಮೇಲೆ ಹೊಸ ಫಾಂಟ್ ಕೊಡುವುದರಲ್ಲೂ ಒಂದು ಗುಟ್ಟಿದೆ. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಎಣಿಸುತ್ತದೆ. ಆ ಲಿಪಿಗಳ ಫಾಂಟ್, ಗಾತ್ರ, ದಪ್ಪ, ಓರೆ ಎಲ್ಲಕ್ಕೂ ಪ್ರತ್ಯೇಕ ಗುಣಗಳಿವೆ. ಹಳೆಯ ನುಡಿ ಪಠ್ಯ ಲ್ಯಾಟಿನ್ ಎಂದೇ ದಾಖಲಾಗಿರುವುದರಿಂದ ಅದರ 14 ಪಾಯಿಂಟ್, ದಪ್ಪ ಎಲ್ಲ ಲ್ಯಾಟಿನ್ ಗುಣಗಳಲ್ಲಿರುತ್ತವೆ. ಅವನ್ನು ಸಂಕೀರ್ಣ ಲಿಪಿಯ ಗುಣಗಳಿಗೆ ನಕಲು ಮಾಡದಿದ್ದರೆ ತಲೆಬರಹಗಳೆಲ್ಲ ಸಣ್ಣದಾಗಿ, ತೆಳುವಾಗಿ ಬರುತ್ತವೆ. ಗಾತ್ರವನ್ನು ಅರ್ಧ ಪಾಯಿಂಟಿನ ಲೆಕ್ಕದಲ್ಲಿ ಬರೆಯಬೇಕು: 14ಕ್ಕೆ 28. ಸಾಲುಗಳ ಅಂತರ ‘ನಿಖರ’ ಎಂದಿದ್ದರೆ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ಅದನ್ನು ‘ಕನಿಷ್ಠ’ ಎಂದು ಮಾಡಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಯಾವುದನ್ನು ಹಾಕಿದರೂ ಪುಟಗಳ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಪದಸೂಚಿಯ ಪುಟಸಂಖ್ಯೆಗಳನ್ನು ಹೊಸದಾಗಿಯೇ ಮಾಡಬೇಕು.

ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರಿನ ಕಡತವಾದರೆ ಒಳಗಿಂದಲೇ ಪಠ್ಯವನ್ನು ಆರ್‌ಟಿಎಫ್ (ಫಾಂಟಿನ ಮಾಹಿತಿಯೂ ಉಳಿಯುವ ಕಡತರೂಪ) ಆಗಿ ಹೊರತೆಗೆಯುತ್ತೇನೆ. ಬರೀ ಪಠ್ಯ ತೆಗೆದರೆ ಕೋಡ್‌ಪುಟದ, ಅಂದರೆ ಯಾವ ಕೋಡಿಗೆ ಯಾವ ಗುರುತು ಎಂಬ ಪಟ್ಟಿಯ, ಗೊಂದಲ ಹುಟ್ಟುತ್ತದೆ. ತಲೆಕಟ್ಟಿನ ಜಾಗದಲ್ಲೆಲ್ಲ ತಲೆಕೆಳಗಾದ ಪ್ರಶ್ನಾರ್ಥಕ ಕಂಡರೆ ವಿಂಡೋಸ್ ಪಠ್ಯವನ್ನು ಮ್ಯಾಕ್ ರೋಮನ್ ಎಂದು ಓದಲಾಗಿದೆ ಎಂದರ್ಥ. ವಿಂಡೋಸ್ 1252 ಎಂದು ಮತ್ತೆ ತೆರೆದರೆ ಸರಿಹೋಗುತ್ತದೆ. ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಅದನ್ನು ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಬರೆಯುವ ರೂಪ) ಎಂದು ತೆರೆದಿದ್ದೀರಿ. ದಯವಿಟ್ಟು ಆಗ ಸೇವ್ ಮಾಡಬೇಡಿ. ಮಾಡಿದರೆ 128ರಿಂದ ಮೇಲಿನ ಕೋಡ್‌ಗಳೆಲ್ಲ 65533 ಎಂಬ ಒಂದೇ ಗುರುತಾಗಿ ಅಳಿದುಹೋಗುತ್ತವೆ, ಹಿಂದಕ್ಕೆ ಬರುವ ದಾರಿಯಿಲ್ಲ. ಇನ್ನು ಸಿಂಬಲ್ ಫಾಂಟ್ ಎಂದು ಗುರುತಾದ ಫಾಂಟ್‌ಗಳಲ್ಲಿ 80ರ ಬದಲು 61520 ಸಿಗುತ್ತದೆ. 61440 ಕಳೆದರೆ ಸಾಕು. ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯ ಕೋಷ್ಟಕ ಬೇರೆಯೇ, ಅದಕ್ಕೆ ನುಡಿಯದನ್ನು ಹಚ್ಚಬೇಡಿ.

ಪರೀಕ್ಷೆ ಇಲ್ಲದ ಪರಿವರ್ತನೆಯನ್ನು ನಾನು ಒಪ್ಪುವುದಿಲ್ಲ. 34 ವ್ಯಂಜನಗಳಿಗೆ 34 ಒತ್ತುಗಳನ್ನು ಸೇರಿಸಿದರೆ 1156 ಜೋಡಿ. ಅಷ್ಟನ್ನೂ ಯೂನಿಕೋಡಿನಲ್ಲಿ ಹುಟ್ಟಿಸಿ, ನುಡಿಗೆ ತಿರುಗಿಸಿ, ಮತ್ತೆ ಯೂನಿಕೋಡಿಗೆ ತಂದು ಹೋಲಿಸುತ್ತೇನೆ. ಕಡತಕ್ಕೂ ಇದೇ ಹಿಂದುಮುಂದಿನ ಹೋಲಿಕೆ. ಅದರಲ್ಲಿ ಸಿಗುವ ವ್ಯತ್ಯಾಸ ಎಲ್ಲವೂ ತಪ್ಪಲ್ಲ, ಏಕೆಂದರೆ ರ ಒತ್ತಿಗೆ 230, 231 ಎಂದು ಎರಡು ಮೊಳೆಗಳಿವೆ, ಬೆರಳಚ್ಚುಗಾರರು ಚಂದ ಕಂಡದ್ದನ್ನು ಹಾಕಿರುತ್ತಾರೆ. ಆಮೇಲೆ ಕನ್ನಡ ತುಂಡುಗಳಲ್ಲಿ 192ರಿಂದ 255ರೊಳಗಿನ ಕೋಡ್ ಉಳಿದಿದೆಯೇ, ಖಾಲಿ ಜಾಗದ ಮುಂದೆಯೇ ಸ್ವರಚಿಹ್ನೆ ಬಂದಿದೆಯೇ, ಎರಡು ಸ್ವರಚಿಹ್ನೆ ಒಟ್ಟಿಗೆ ಬಂದಿವೆಯೇ, ವಿರಾಮದ ಮುಂದೆ ಸ್ವರಚಿಹ್ನೆ ಇದೆಯೇ ಎಂದು ಹುಡುಕುತ್ತೇನೆ. ಕೆ ಫಾಂಟಿನಲ್ಲಿ ಅನುಸ್ವಾರದ ಬದಲು ಸೊನ್ನೆಯ ಅಂಕಿ ಒತ್ತಿರುವುದು ಹೆಚ್ಚು: ಕನ್ನಡ ಅಕ್ಷರಕ್ಕೆ ತಾಗಿ ೦ ನಿಂತಿದ್ದರೆ ಅದು ಬಹುತೇಕ ಅನುಸ್ವಾರವೇ. ಇಷ್ಟಾದ ಮೇಲೂ ಒಬ್ಬರು ಕರಡು ತಿದ್ದಲೇಬೇಕು.

ಇಷ್ಟೆಲ್ಲ ಏಕೆ, ಆಸ್ಕಿಯಲ್ಲೇ ಇರಲಿ ಬಿಡಿ ಎನ್ನುವ ಡಿಟಿಪಿಯವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರಲ್ಲಿ ಯೂನಿಕೋಡ್ ಕನ್ನಡ ಸಾಧ್ಯವೇ ಇರಲಿಲ್ಲ. ಪುಟ ಕಟ್ಟಿ ಹೊಟ್ಟೆ ಹೊರೆಯುವವರು ಕೆಲಸ ನಡೆಯುವ ದಾರಿ ಹಿಡಿದರು. ಆದರೆ ಅದರ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ 2012ರ ಸಿಎಸ್6ರಿಂದಲೇ ಭಾರತೀಯ ಲಿಪಿಗಳನ್ನೂ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಇದೆ. ಪ್ಯಾರಾಗ್ರಾಫ್ ಶೈಲಿಯಲ್ಲಿ ಅದನ್ನು ಆರಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ‘ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆಯುತ್ತದೆ’ ಎನ್ನುವವರ ಕಡತ ತೆರೆದರೆ ಬಹಳ ಸಲ ಆ ಆಯ್ಕೆ ಬದಲಾಗಿರುವುದೇ ಇಲ್ಲ. ಪುಟ ಕಟ್ಟುವ ಉಚಿತ ತಂತ್ರಾಂಶ ಸ್ಕ್ರೈಬಸ್ ಸಹ 1.5ರ ಸರಣಿಯಿಂದ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಕೀಲಿಮಣೆ ಹೊಸದಾಗಿ ಕಲಿಯಬೇಕೆಂಬ ಭಯವೂ ಬೇಡ: ನುಡಿಯಲ್ಲಿ ಬಳಸುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಯೂನಿಕೋಡಿಗೂ ಸಿಗುತ್ತದೆ, ಬೆರಳಿನ ಅಭ್ಯಾಸ ಹಾಗೆಯೇ ಉಳಿಯುತ್ತದೆ. ಗಾತ್ರ ಹೆಚ್ಚು ಎಂಬುದು ನಿಜ. ಯುಟಿಎಫ್-8ರಲ್ಲಿ ‘ಕನ್ನಡ’ ಪದಕ್ಕೆ 15 ಬೈಟ್, ನುಡಿಯಲ್ಲಿ 7. ಆದರೆ ಇಡೀ ಕಾದಂಬರಿ ಒಂದು ಫೋಟೊಕ್ಕಿಂತ ಚಿಕ್ಕದು. ಫಾಂಟುಗಳ ಚೆಲುವಿನ ಮಾತು ಬೇರೆ, ಅಲ್ಲಿ ನನಗೂ ಹಳೆಯ ಕೆಲವು ಅಕ್ಷರರೂಪಗಳ ಮೇಲೆ ಪ್ರೀತಿಯಿದೆ.

ಡಾಕ್ಸೂ ಇಲ್ಲ, ಪೇಜ್‌ಮೇಕರೂ ಇಲ್ಲ, ಪಿಡಿಎಫ್ ಮಾತ್ರ ಉಳಿದಿದೆ ಎನ್ನುವವರು ಮೊದಲು ಒಂದು ಸಾಲನ್ನು ನಕಲಿಸಿ ನೋಡಿ. 80, 192ರಂಥ ಕೋಡ್‌ಗಳು ಬಂದರೆ ಮೇಲಿನ ದಾರಿಯೇ ಸಾಕು. ಅರ್ಥವಿಲ್ಲದ ಬೇರೆ ಗುರುತುಗಳು ಬಂದರೆ ಒಳಗಿನ ಫಾಂಟಿನ ಕೋಡ್‌ಗಳು ಬದಲಾಗಿವೆ. ಪುಟಗಳನ್ನು 300 ಡಿಪಿಐ ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್‌ಗೆ ಕನ್ನಡದ ದತ್ತಾಂಶ ಕೊಟ್ಟು ಓದಿಸಬೇಕು.

ಪದಸೂಚಿ ಮಾಡುವವರಿಗೆ ಒಂದು ಎಚ್ಚರಿಕೆ. ಯೂನಿಕೋಡಿನ ಕೋಡ್ ಕ್ರಮದಲ್ಲಿ ಳ ಇರುವುದು ಲ-ದ ಪಕ್ಕದಲ್ಲಿ, ವ-ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಬರೀ ಕೋಡ್ ನೋಡಿ ವಿಂಗಡಿಸಿದರೆ ‘ಬಳೆ’ ‘ಬಸವ’ನಿಗಿಂತ ಮೊದಲು ಬಂದುಬಿಡುತ್ತದೆ. ವಿಂಗಡಣೆಯ ಕೀಲಿಯಲ್ಲಿ ಳ-ವನ್ನು ಹ-ದ ಆಚೆಗೆ ಸರಿಸಿ, 8204 ಮತ್ತು 8205ನ್ನು ತೆಗೆದುಹಾಕಿ, ಆಮೇಲೆ ವಿಂಗಡಿಸಿ. ಮೂಲ ಕಡತವನ್ನೂ ಅದರ ಫಾಂಟನ್ನೂ ಒಟ್ಟಿಗೆ ಎತ್ತಿಡಿ. ಮುಂದೆ ಯಾರಿಗಾದರೂ ಒಂದು ಪದದ ಮೇಲೆ ಅನುಮಾನ ಬಂದರೆ ನೋಡಲು ಅದೊಂದೇ ಪುರಾವೆ.