ಎಕ್ಸ್‌ಟ್ರಾ ಕ್ಲಾಸಿಗೆ ಸೇರ್ಸೋ ಮುಂಚೆ ಮಗುನ ಒಂದ್ಮಾತು ಕೇಳಿ

ಆರು, ಏಳನೇ ಕ್ಲಾಸಿನ ಮಕ್ಕಳಿರೋರಿಗೆ ಒಂದು ಸಲಹೆ. ಸ್ಕೂಲ್ ಮುಗಿದ್ಮೇಲೆ ಕರಾಟೆ, ಅಬ್ಯಾಕಸ್, ಕೀಬೋರ್ಡ್, ಕೋಡಿಂಗ್ ಅಂತ ನಾಲ್ಕೂ ಕಡೆ ಓಡಿಸ್ಬೇಡಿ, ಒಂದು ಸಾಕು, ಆದ್ರೆ ಅದನ್ನ ಮಗುನೇ ಆರಿಸ್ಕೊಳ್ಲಿ, ಒಂದು ಟರ್ಮ್ ಪೂರ್ತಿ ಹೋಗ್ಲಿ. ಎರಿಕ್ ಎರಿಕ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಸುಮಾರು 12ರಿಂದ 18ರ ವಯಸ್ಸನ್ನ 'ನಾನು ಯಾರು' ಅಂತ ಹುಡುಕೋ ಕಾಲ ಅಂದಿದ್ರು, ಆ ಹುಡುಕಾಟಕ್ಕೆ ಮಾರ್ಕ್ಸ್ ಕಾರ್ಡ್ ಬಿಟ್ಟು ಇನ್ನೊಂದು ಜಾಗ ಬೇಕಲ್ವಾ.

ನನ್ನ ಕೇಳಿದ್ರೆ ನಾಟಕ ಬೆಸ್ಟು. ಪಾರ್ಟ್ ಸಿಗದಿದ್ರೂ ಲೈಟು, ಪರದೆ, ಮೇಕಪ್ ಅಂತ ಕೆಲ್ಸ ಇದ್ದೇ ಇರುತ್ತೆ, ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಸೈಡ್ ವಿಂಗಲ್ಲಿ ಸ್ಕ್ರಿಪ್ಟ್ ಹಿಡ್ಕೊಂಡು ಡೈಲಾಗ್ ಮರೆತೋರಿಗೆಲ್ಲ ಪಿಸುಗುಟ್ಟಿ ಇಡೀ ನಾಟಕ ದಡ ಸೇರಿಸೋದು ನೋಡ್ಬೇಕು ನೀವು. ಬೆಂಗಳೂರಲ್ಲಿದ್ರೆ ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ನಾಟಕ ಇದ್ದಾಗ ಒಂದ್ಸಲ ತೋರಿಸಿ. ವಿಜ್ಞಾನದ ಹುಚ್ಚಿದ್ರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಅಲ್ಲೇ ಕಬ್ಬನ್ ಪಾರ್ಕಲ್ಲಿ ಬಾಲಭವನದಲ್ಲೂ ವಿಚಾರಿಸಿ (ಕಾರ್ ಬೇಡ, ಮೆಟ್ರೋ ಹತ್ತಿ).

ಮನೆಗೆ ಬಂದ ತಕ್ಷಣ 'ಪ್ರೈಜ್ ಬಂತಾ' ಅನ್ಬೇಡಿ, 'ಇವತ್ತು ನೀನೇನ್ ಮಾಡ್ದೆ' ಅಂತ ಕೇಳಿ. ಟರ್ಮ್ ಮುಗಿದ್ಮೇಲೂ ಬೇಡ ಅಂದ್ರೆ ಬಿಡಿಸಿ, ಕಟ್ಟಿದ ಫೀಸ್ ಲೆಕ್ಕ ಮಾತ್ರ ಎತ್ಬೇಡಿ.